ಕೊಂಕಣ ಸುತ್ತಿ ತೂಬಗೆರೆಗೆ: ಪಾರ್ಸೆಲ್ ಬಳಕೆದಾರರ ಕೈಪಿಡಿ

ಈ ಕೈಪಿಡಿ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಯ ಗ್ರಾಹಕರಿಗಾಗಿ. ಮೊಬೈಲಿನಲ್ಲಿ ಸೀರೆ, ಮಿಕ್ಸಿ ಜಾರು, ಮೋಟರಿನ ಸ್ಟಾರ್ಟರು ಏನೇ ತರಿಸಿದರೂ ಮೊದಲು ಇದನ್ನು ಓದಿ, ಮಡಚಿ, ಗೋಡೆ ಗಡಿಯಾರದ ಹಿಂದೆ ಸಿಕ್ಕಿಸಿಡಿ. ಪಾರ್ಸೆಲ್ ಬರುವ ತನಕ ಮತ್ತೆ ಮತ್ತೆ ತೆಗೆದು ನೋಡಬೇಕಾಗುತ್ತದೆ.

ಬಳಸುವ ಮುನ್ನ: ಊರಿಂದೂರಿಗೆ ಎಷ್ಟು ದೂರ ಎಂದು ನಿಮಗೆ ಗೊತ್ತಿರುವುದನ್ನೆಲ್ಲ ಮರೆಯಿರಿ. ದೊಡ್ಡಬಳ್ಳಾಪುರದ ಮಗ್ಗದಲ್ಲಿ ನೇಯ್ದ ಸೀರೆಯನ್ನು ಅದೇ ಊರಿನ ಅಂಗಡಿಯವರು ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ ಎನ್ನಿ. ನೀವು ತೂಬಗೆರೆಯಲ್ಲಿ ಕೂತು ಆರ್ಡರ್ ಒತ್ತಿದಿರಿ. ಸೀರೆ ನಿಮ್ಮ ಕಡೆಗೆ ಬೆನ್ನು ಹಾಕಿ ಬೆಂಗಳೂರಿನ ದಾರಿ ಹಿಡಿಯುತ್ತದೆ. ನೆಲಮಂಗಲದ ಕಡೆಯದ್ದೋ ಹೊಸಕೋಟೆಯ ಕಡೆಯದ್ದೋ ಒಂದು ಗೋದಾಮಿನಲ್ಲಿ ಇಳಿದು, ರಾತ್ರಿ ಬೆಲ್ಟಿನ ಮೇಲೆ ಓಡಾಡಿ, ಇನ್ನೊಂದು ಲಾರಿ ಹತ್ತಿ ಮತ್ತೆ ದೊಡ್ಡಬಳ್ಳಾಪುರಕ್ಕೇ ಬರುತ್ತದೆ. ಹೊರಟ ಬೀದಿಯ ಪಕ್ಕದ ಬೀದಿಗೆ ಬಂದು ತಲುಪಿದರೂ ಆಶ್ಚರ್ಯವಿಲ್ಲ. ಇದನ್ನು ಕೆಟ್ಟಿದೆ ಎಂದು ತಿಳಿದು ದೂರು ಕೊಡಬೇಡಿ. ಕೆಡದೆ ಇದ್ದಾಗಲೇ ಅದು ಹೀಗೆ ನಡೆಯುವುದು.

ಕಾರಣ ಬೇಕಾದವರಿಗೆ: ಕರ್ನಾಟಕದಲ್ಲಿ 31 ಜಿಲ್ಲೆಗಳಿವೆ. ಪ್ರತಿ ಜಿಲ್ಲಾ ಕೇಂದ್ರದಿಂದ ಉಳಿದೆಲ್ಲ ಕೇಂದ್ರಗಳಿಗೂ ನೇರ ಲಾರಿ ಬಿಡುತ್ತೇನೆಂದರೆ 465 ಮಾರ್ಗಗಳು ಬೇಕು. ಎಲ್ಲವನ್ನೂ ಒಂದೇ ಊರಿಗೆ ತಂದು ಸುರಿದು, ಅಲ್ಲಿಂದ ಹಂಚಿದರೆ 30 ಸಾಕು, ಲಾರಿಗಳೂ ತುಂಬಿ ಓಡುತ್ತವೆ. ಅಮೆರಿಕದಲ್ಲಿ ಫೆಡರಲ್ ಎಕ್ಸ್‌ಪ್ರೆಸ್ ಕಂಪನಿ 1973ರ ಏಪ್ರಿಲ್ 17ರ ರಾತ್ರಿ 14 ವಿಮಾನಗಳಲ್ಲಿ 186 ಪೊಟ್ಟಣಗಳನ್ನು 25 ಊರುಗಳಿಗೆ ಮುಟ್ಟಿಸಲು ಹೊರಟಿದ್ದು ಇದೇ ಲೆಕ್ಕದ ಮೇಲೆ. ಎಲ್ಲವೂ ಮೆಂಫಿಸ್ ಎಂಬ ಒಂದೇ ಊರಿನ ಮೂಲಕ. ಲೆಕ್ಕ ಸರಿಯಾಗಿಯೇ ಇದೆ. ಉಳಿಯುವುದು ಅವರ ಡೀಸೆಲ್ಲು, ಕಳೆಯುವುದು ನಿಮ್ಮ ದಿನ. ನಿಮ್ಮ ದಿನಕ್ಕೆ ಯಾರೂ ಬಿಲ್ಲು ಹಾಕುವುದಿಲ್ಲವಾದ್ದರಿಂದ ಒಟ್ಟು ಲಾಭವೇ.

ಹೆಜ್ಜೆ ಒಂದು, ಪಿನ್ ಕೋಡ್. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳೇ ಗೋದಾಮಿನಲ್ಲಿ ನಿಮ್ಮ ಹೆಸರು, ಕುಲ, ಗೋತ್ರ. ಬೆಂಗಳೂರು ಗ್ರಾಮಾಂತರ ಜಿಲ್ಲೆಯವರು ಇಲ್ಲಿ ವಿಶೇಷ ಗಮನ ಕೊಡಬೇಕು. ದೇವನಹಳ್ಳಿ 562110, ಹೊಸಕೋಟೆ 562114, ನೆಲಮಂಗಲ 562123. ನಮ್ಮ ದೊಡ್ಡಬಳ್ಳಾಪುರ ಮಾತ್ರ 561203. ಮೊದಲ ಮೂರು ಅಂಕಿಗಳು ವಿಂಗಡಣೆಯ ಸೀಮೆಯನ್ನು ಹೇಳುತ್ತವೆ, ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿಯನ್ನು. ಜಿಲ್ಲೆ ಒಂದೇ ಅಲ್ಲವೇ ಎಂದು ದೇವನಹಳ್ಳಿಯ ಬೀಗರ ವಿಳಾಸದಿಂದ ಅಂಕಿ ನಕಲು ಮಾಡಿದಿರೋ, ಪಾರ್ಸೆಲ್ ಬೀಗರ ಊರಿಗೇ ಹೋಗುತ್ತದೆ. ಚಿಕ್ಕಬಳ್ಳಾಪುರದ 562101 ಹಾಕಿದರೆ ನಂದಿ ಬೆಟ್ಟದ ಆ ಕಡೆಗೆ. ನಡುವೆ ತಡೆಯುವವರು ಯಾರೂ ಇಲ್ಲ. ಒಂದು ಕಡೆಗೆ ಹೋಗುವ ಸಣ್ಣ ಪೊಟ್ಟಣಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಸೀಲು ಹಾಕುತ್ತಾರೆ. ಆ ಚೀಲದ ಬಾಯಿ ಬಿಚ್ಚುವುದು ಇಳಿದ ಊರಿನಲ್ಲೇ. ಅಲ್ಲಿಯ ತನಕ ಒಳಗೆ ದಾರಿ ತಪ್ಪಿದವರಿದ್ದಾರೆಂದು ದೇವರಿಗೂ ಗೊತ್ತಾಗದು.

ಹೆಜ್ಜೆ ಎರಡು, ವಿಳಾಸ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಹೆಚ್ಚಿ, ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು ಕೊಟ್ಟಿದ್ದಾರೆ. ನಿಮ್ಮ ಜಗಲಿಗೊಂದು, ದನದ ಕೊಟ್ಟಿಗೆಗೊಂದು. ಬರೆದಿಟ್ಟುಕೊಳ್ಳಿ, ಒಳ್ಳೆಯದೇ. ಆದರೆ ಡೆಲಿವರಿ ಹುಡುಗನಿಗೆ ಫೋನಿನಲ್ಲಿ ಅದನ್ನು ಓದಿ ಹೇಳಿದರೆ ಅವನು ಕೇಳುವುದು ಇಷ್ಟೇ: “ಅದೆಲ್ಲ ಬಿಡಿ ಅಕ್ಕಾ, ಹಾಲಿನ ಡೈರಿಯಿಂದ ಮುಂದಕ್ಕಾ, ಹಿಂದಕ್ಕಾ?”

ಹೆಜ್ಜೆ ಮೂರು, ಕಾಯುವುದು. “ಇನ್ ಟ್ರಾನ್ಸಿಟ್” ಎಂದರೆ ಎಲ್ಲೋ ಇದೆ. “ಔಟ್ ಫಾರ್ ಡೆಲಿವರಿ” ಎಂದರೆ ಹುಡುಗನ ಬೆನ್ನಿನ ಚೀಲದಲ್ಲಿದೆ, ಹುಡುಗ ಎಲ್ಲೋ ಇದ್ದಾನೆ. “ಕಸ್ಟಮರ್ ನಾಟ್ ಅವೈಲಬಲ್” ಎಂದು ಬಂದಾಗ ನೀವು ಬೆಳಗ್ಗೆಯಿಂದ ಜಗಲಿ ಬಿಟ್ಟು ಏಳದೆ ಕೂತಿರುತ್ತೀರಿ. ಸಿಟ್ಟಾಗಬೇಡಿ. ಇಂಥ ಹುಡುಗರಲ್ಲಿ ಬಹಳ ಮಂದಿಗೆ ತಲುಪಿಸಿದ ಪಾರ್ಸೆಲ್ ಲೆಕ್ಕದಲ್ಲಿ ಕಾಸು, ಪೆಟ್ರೋಲು ಸ್ವಂತದ್ದು. ಒಂದು ಮಿಕ್ಸಿ ಜಾರಿಗಾಗಿ ದೊಡ್ಡಬಳ್ಳಾಪುರದಿಂದ ಇಲ್ಲಿಯವರೆಗೆ ಗಾಡಿ ಓಡಿಸಿದರೆ ಅವನಿಗೆ ಉಳಿಯುವುದು ಬಿಸಿಲು. ತೂಬಗೆರೆ ಕಡೆಗೆ ನಾಲ್ಕಾರು ಸೇರಲಿ ಎಂದು ಕಾಯುತ್ತಾನೆ. ಮೇಲಿನವರು ಲಾರಿ ತುಂಬಲೆಂದು ಕಾದ ಲೆಕ್ಕವನ್ನೇ ಅವನು ಬೈಕಿಗೆ ಹಾಕಿಕೊಂಡಿದ್ದಾನೆ. ಬೇಗ ಬೇಕಿದ್ದರೆ ಅಕ್ಕಪಕ್ಕದ ಮನೆಯವರೂ ಅದೇ ವಾರ ಏನಾದರೂ ತರಿಸುವಂತೆ ಒಪ್ಪಿಸಿ. ತಮಾಷೆಯಲ್ಲ, ನಿಜಕ್ಕೂ ಕೆಲಸ ಮಾಡುತ್ತದೆ.

ಎಚ್ಚರಿಕೆ: ತೂಬಗೆರೆಯ ಹಲಸು ಹೆಸರುವಾಸಿ, ಬೆಳೆಗಾರರದೇ ಸಂಘವೂ ಇದೆ. ಹಾಗೆಂದು ಹಣ್ಣಾದ ಹಲಸನ್ನು ಬೆಂಗಳೂರಿನ ಮಗಳಿಗೆ ಕೊರಿಯರ್ ಮಾಡಬೇಡಿ. ಎರಡು ಗೋದಾಮು ದಾಟುವಷ್ಟರಲ್ಲಿ ಅದು ಎಲ್ಲಿದೆ ಎಂದು ತಿಳಿಯಲು ಟ್ರ್ಯಾಕಿಂಗ್ ನಂಬರ್ ಬೇಕಾಗುವುದಿಲ್ಲ. ಹಪ್ಪಳ, ಚಿಪ್ಸ್ ಪರವಾಗಿಲ್ಲ. ಹಣ್ಣನ್ನು ಗೋಣಿಚೀಲಕ್ಕೆ ಹಾಕಿ ಬಸ್ಸು ಹತ್ತಿಸಿ, ಲಗೇಜು ಚೀಟಿ ಪಡೆದು ಜೊತೆಗೇ ಹೋಗಿ. ಗೋದಾಮಿನ ಸುತ್ತಾಟ ಇಲ್ಲದ ಸಾಗಣೆ ಸದ್ಯಕ್ಕೆ ಇದೊಂದೇ.

ದೋಷ ನಿವಾರಣೆ: ಸ್ಥಿತಿ “ದೊಡ್ಡಬಳ್ಳಾಪುರ ತಲುಪಿದೆ” ಎಂದು ಬಂದು ಎರಡು ದಿನ ಅಲ್ಲೇ ನಿಂತಿದ್ದರೆ ಇನ್ನು ಕಾಯಬೇಡಿ. ಆ ಕೊರಿಯರಿನ ಕಚೇರಿಗೆ ಫೋನು ಮಾಡಿ, “ನಾವೇ ಬಂದು ತಗೊಂಡು ಹೋಗ್ತೀವಿ, ವಾಪಸ್ ಕಳಿಸಬೇಡಿ” ಎಂದು ಹೇಳಿ. ಹೋಗುವ ಕೆಲಸ ಮನೆಯ ಹೆಣ್ಣುಮಕ್ಕಳಿಗೆ ವಹಿಸುವುದು ವಾಸಿ; 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಚಾರ್ಜಿಲ್ಲ. ಆಧಾರ್ ಕಾರ್ಡ್ ಮರೆಯಬೇಡಿ. ಕಂಡಕ್ಟರಿಗೂ ಅದನ್ನೇ ತೋರಿಸಬಹುದು, ಕೊರಿಯರಿನವರಿಗೂ ಅದನ್ನೇ.