ಒಂದು ಕುಡಿಕೆ ಗಿಣ್ಣು

ಹೋದ ತಿಂಗಳು ಅಕ್ಕನ ಮಗ ಸಂಬಳ ಹೆಚ್ಚಾದ ಖುಷಿಗೆ ನನ್ನನ್ನು ದೊಡ್ಡದೊಂದು ಹೋಟೆಲಿಗೆ ಕರೆದುಕೊಂಡು ಹೋದ. ಮೆನು ತೆರೆದರೆ ‘ಎಪಿಕ್ಯೂರಿಯನ್ ಥಾಲಿ’. ಬಟ್ಟಲು ಎಣಿಸಿದೆ, 19. ಕೊಟ್ಟ ದುಡ್ಡಿಗೆ ಮೋಸವಾಗಬಾರದೆಂದು ಅಷ್ಟನ್ನೂ ಖಾಲಿ ಮಾಡಿದೆ. ದುಡ್ಡು ಅವನದು, ಕಾಳಜಿ ನನ್ನದು. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಜೀರಿಗೆ ಕಷಾಯ ಕುದಿಸುತ್ತ ನಿಂತಾಗ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ನೆನಪಾದ. ಪಾಪ, ತನ್ನ ಹೆಸರಲ್ಲಿ ಏನೇನು ಬಡಿಸುತ್ತಿದ್ದಾರೆಂದು ಅವನಿಗೆ ಗೊತ್ತಾಗಿದ್ದರೆ!

ಆತ ಕ್ರಿ.ಪೂ. 341ರಲ್ಲಿ ಸಾಮೋಸ್ ದ್ವೀಪದಲ್ಲಿ ಹುಟ್ಟಿದ ಮೇಷ್ಟರ ಮಗ. ಅಥೆನ್ಸಿಗೆ ಬಂದು 80 ಮಿನಾ ಹಣ ಕೊಟ್ಟು ಒಂದು ತೋಟ ಕೊಂಡ. ಅಲ್ಲೇ ಪಾಠ, ಅಲ್ಲೇ ಹರಟೆ. ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಜಾಗವಿತ್ತು. ಊರಿನ ದೊಡ್ಡವರ ಹುಬ್ಬು ಗಂಟಾಗಲು ಇಷ್ಟು ಸಾಲದೇ? ಸುಖವೇ ಬಾಳಿನ ಗುರಿ ಎಂದು ಬೇರೆ ಹೇಳಿಬಿಟ್ಟ. ತೋಟ ಬಿಟ್ಟುಹೋದ ಟಿಮೊಕ್ರಟಿಸ್ ಎಂಬ ಶಿಷ್ಯನಂತೂ ಗುರುಗಳು ತಿಂದದ್ದು ಹೆಚ್ಚಾಗಿ ದಿನಕ್ಕೆರಡು ಸಲ ವಾಂತಿ ಮಾಡಿಕೊಳ್ಳುತ್ತಾರೆಂದು ಸುದ್ದಿ ಹಬ್ಬಿಸಿದ. ನಮ್ಮ ಚಾರ್ವಾಕನಿಗೂ ಹೆಚ್ಚುಕಡಿಮೆ ಇದೇ ಗತಿ. ಅವನ ಮಾತು ನಮಗೆ ಸಿಕ್ಕಿರುವುದೇ ಹೆಚ್ಚಾಗಿ ಅವನನ್ನು ಅಲ್ಲಗಳೆದವರ ಪುಸ್ತಕಗಳಲ್ಲಿ.

ನಿಜಕ್ಕೂ ಆ ತೋಟದ ಊಟ ರೊಟ್ಟಿ, ನೀರು. ಒಮ್ಮೆ ಎಪಿಕ್ಯೂರಸ್ ಗೆಳೆಯನಿಗೆ ಪತ್ರ ಬರೆದು, ಹಬ್ಬ ಮಾಡಬೇಕೆನಿಸಿದಾಗ ಇರಲಿ ಅಂತ ಒಂದು ಸಣ್ಣ ಕುಡಿಕೆ ಚೀಸ್ ಕಳಿಸಲು ಕೇಳಿಕೊಂಡ. ನಿಘಂಟು ಚೀಸಿಗೆ ಗಿಣ್ಣು ಅನ್ನುತ್ತದೆ. ಹಾಗಾಗಿ ನಾನು ಬಹಳ ವರ್ಷ ಆ ತತ್ವಜ್ಞಾನಿ, ಕರು ಹಾಕಿದ ಹಸುವಿನ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ ನಮ್ಮ ಗಿಣ್ಣನ್ನು ಚಮಚದಲ್ಲಿ ಕತ್ತರಿಸಿ ತಿನ್ನುತ್ತಿದ್ದನೆಂದೇ ತಿಳಿದಿದ್ದೆ. ತಪ್ಪೆಂದು ಗೊತ್ತಾದ ಮೇಲೂ ಆ ಚಿತ್ರ ಅಳಿಸಲು ಮನಸ್ಸಾಗಲಿಲ್ಲ. ನನಗೆ ಇಷ್ಟವಾಗುವುದು ಆತ ಚೀಸ್ ಬಿಟ್ಟ ಸಂನ್ಯಾಸಿಯಲ್ಲ ಎಂಬುದು. ಬೇಕು ಅಂದ. ಕುಡಿಕೆಯಷ್ಟು ಸಾಕು ಅಂದ.

ಆಸೆಗಳನ್ನು ಆತ ಮೂರು ರಾಶಿ ಮಾಡಿದ್ದ. ಹಸಿವು, ಬಾಯಾರಿಕೆಯಂಥವು ಸಹಜ, ಅಗತ್ಯ. ಬಗೆಬಗೆಯ ಭಕ್ಷ್ಯ ಸಹಜ, ಆದರೆ ಅಗತ್ಯವಲ್ಲ. ನನ್ನ 19 ಬಟ್ಟಲು ಇಲ್ಲಿಗೆ. ಮೂರನೆಯದು ಎರಡೂ ಅಲ್ಲದ್ದು; ಕಿರೀಟ, ತನ್ನ ಪ್ರತಿಮೆ ಬೇಕೆನ್ನುವ ಚಪಲ. ನಮ್ಮ ಕಾಲಕ್ಕೆ ಇದನ್ನು ಶಾಲು, ಹಾರ, ಫಲಕ ಎಂದು ಓದಿಕೊಳ್ಳಬೇಕು. ನಮ್ಮ ಅಟ್ಟದ ಮೇಲೆ ಸನ್ಮಾನದ ಶಾಲು 14 ಇವೆ. ಹೊದೆಯಲು ಸೆಖೆ, ಕೊಡಲು ಸಂಕಟ. ಹೆಂಡತಿ ಒಂದನ್ನು ಮಿಕ್ಸಿಗೆ ಹೊದಿಸಿದ್ದಾಳೆ. ಅವಳು ಎಪಿಕ್ಯೂರಸನನ್ನು ಓದಿಲ್ಲ.

ಸಾವಿಗೆ ಹೆದರಬೇಡಿ, ಅದು ಬಂದಾಗ ನೀವೇ ಇರುವುದಿಲ್ಲ ಎಂಬ ಅವನ ವಾದ ಮಾತ್ರ ನನ್ನನ್ನು ಒಪ್ಪಿಸಿಲ್ಲ. ಹಗಲಲ್ಲಿ ಸರಿ ಅನಿಸುತ್ತದೆ. ರಾತ್ರಿ ಎರಡು ಗಂಟೆಗೆ, ಎದೆಯುರಿ ಇದ್ದಾಗ, ಲಾಯರು ಬುದ್ಧಿವಂತ, ಕೇಸು ಬಿದ್ದುಹೋಗುತ್ತದೆ ಅನಿಸುತ್ತದೆ. ಆದರೆ ಅವನು ಬರೀ ವಾದಿಸಿ ಹೋದವನಲ್ಲ. ಮೂತ್ರಕೋಶದ ಕಲ್ಲಿನ ಘೋರ ನೋವಿನಲ್ಲಿ ಬರೆದ ಕಡೆಯ ಪತ್ರದಲ್ಲಿ, ಹಳೆಯ ಮಾತುಕತೆಗಳ ನೆನಪು ಈ ನೋವಿಗೆ ಎದುರು ನಿಂತಿದೆ ಎಂದಿದ್ದಾನೆ. 72ರ ಮುದುಕ.

ಇನ್ನೊಂದು ಸಂಗತಿ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುವುದು. ಆತನಿಗೆ ಈ ತೋಟದವರನ್ನು ಕಂಡರಾಗದು, ಅದಕ್ಕೇ ನಂಬಬಹುದು. ದಿಮಿತ್ರಿಯಸ್ ಎಂಬ ರಾಜ ಅಥೆನ್ಸಿಗೆ ಮುತ್ತಿಗೆ ಹಾಕಿದ್ದಾಗ ಊರಲ್ಲಿ ಎಂಥ ಬರ ಬಂತೆಂದರೆ, ಸೂರಿನಿಂದ ಬಿದ್ದ ಸತ್ತ ಇಲಿಗಾಗಿ ಅಪ್ಪ ಮಗ ಬಡಿದಾಡಿದರಂತೆ. ಆಗ ಎಪಿಕ್ಯೂರಸ್ ಇದ್ದಬದ್ದ ಕಾಳನ್ನು ಒಂದೊಂದಾಗಿ ಎಣಿಸಿ ಜೊತೆಯವರಿಗೆಲ್ಲ ಹಂಚಿ ಉಳಿಸಿಕೊಂಡ. ಸುಖದ ಗುರು ಕಾಳು ಎಣಿಸುತ್ತ ಕೂತ ಆ ಚಿತ್ರ ಕಂಡಮೇಲೆ ‘ಎಪಿಕ್ಯೂರಿಯನ್ ಥಾಲಿ’ ಅನ್ನಲು ಬಾಯಿ ಬರುವುದಿಲ್ಲ.

ಪ್ರತಿ ತಿಂಗಳ 20ಕ್ಕೆ ಗೆಳೆಯರೆಲ್ಲ ಸೇರುವುದು ಆ ತೋಟದ ಪದ್ಧತಿ. ತಾನು ಸತ್ತ ಮೇಲೂ ತಪ್ಪಿಸಬೇಡಿ ಎಂದು ಉಯಿಲಿನಲ್ಲೇ ಬರೆದಿದ್ದ. ಬರುವ 20ಕ್ಕೆ ನಮ್ಮಲ್ಲೂ ನಾಲ್ಕು ಜನ ಸೇರುತ್ತಿದ್ದೇವೆ. ಒಗ್ಗರಣೆ ಅವಲಕ್ಕಿ, ಮಜ್ಜಿಗೆ. ಪಕ್ಕದ ಬೀದಿಯ ಹಸು ಈಯ್ದರೆ ಗಿಣ್ಣೂ ಉಂಟು. ನೀವೂ ಬನ್ನಿ. ಶಾಲು ಮಾತ್ರ ತರಬೇಡಿ.