ಸಕುಟುಂಬ ಸಪರಿವಾರ

ಭಾಲ್ಕಿಯ ಎಂಜಿನಿಯರಿಂಗ್ ಹುಡುಗನೊಬ್ಬ ಔರಾದದ ಅಡತ್ ಅಂಗಡಿಗೆಂದು ಸೋಯಾ, ತೊಗರಿ ತೂಕದ ಲೆಕ್ಕಕ್ಕೊಂದು ಪ್ರೋಗ್ರಾಂ ಬರೆದ. ಪೈಥಾನ್‌ನಲ್ಲಿ. ‘ರೈತ’ ಒಂದು ಕ್ಲಾಸು, ‘ಚೀಲ’ ಒಂದು ಕ್ಲಾಸು, ‘ಚೀಟಿ’ ಮತ್ತೊಂದು. ಆಬ್ಜೆಕ್ಟ್ ಓರಿಯೆಂಟೆಡ್ ಶಿಸ್ತಿಗೆ ಎಲ್ಲಿಯೂ ಭಂಗವಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ಪೈಥಾನ್ ಇರಲಿಲ್ಲ.

“ತಮ್ಮಾ, ಅದು ಹಾಕ್ರಿ ಇದು ಹಾಕ್ರಿ ಅನಬ್ಯಾಡ. ಒತ್ತಿದ್ರ ತೆರೀಬೇಕು, ಅಷ್ಟೇ,” ಅಂದರು ಸಾಹುಕಾರರು.

ಹುಡುಗ ಪೈಇನ್‌ಸ್ಟಾಲರ್ ಹಿಡಿದ. ಕೆಲವೇ ಕಿಲೋಬೈಟಿನ ಕೋಡು ಹಲವು ಮೆಗಾಬೈಟಿನ ಎಕ್ಸ್‌ಇ ಆಗಿ ಹೊರಬಿತ್ತು. ಇದನ್ನೂ ಕಂಪೈಲ್ ಎನ್ನುವವರಿದ್ದಾರೆ. ನಿಜದಲ್ಲಿ ಇದು ಗಂಟು ಕಟ್ಟುವ ಕೆಲಸ. ಬೈಟ್‌ಕೋಡ್, ಇಂಟರ್‌ಪ್ರಿಟರ್, ಲೈಬ್ರರಿಗಳು ಎಲ್ಲವೂ ಮದುವೆ ಕಾಗದದ ಒಕ್ಕಣೆಯಂತೆ ಸಕುಟುಂಬ ಸಪರಿವಾರ ಹೊರಡುತ್ತವೆ. ಒಂದೇ ಫೈಲಾಗಿ ಕಟ್ಟಿದರೆ ತೆರೆದಾಗಲೆಲ್ಲ ಗಂಟು ಮೊದಲು ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿಕೊಳ್ಳಬೇಕು. ಅಷ್ಟರಲ್ಲಿ ಹಮಾಲ ಇನ್ನೊಂದು ಚೀಲವನ್ನು ಕಾಟಾಕ್ಕೆ ಏರಿಸಿರುತ್ತಾನೆ.

ಬೀದರಿನ ಗೆಳೆಯ ನುಯಿಟ್ಕಾ ಹೆಸರು ಹೇಳಿದ. ಕೇ ಹೇಯನ್ ರೂಪಿಸಿದ ಈ ಕಂಪೈಲರ್ ಪೈಥಾನನ್ನು ಸಿ ಭಾಷೆಗೆ ತಿರುಗಿಸಿ, ಅಲ್ಲಿಂದ ಯಂತ್ರಭಾಷೆಗೆ ಇಳಿಸುತ್ತದೆ. ಆದರೂ ಪೈಥಾನ್‌ನ ರನ್‌ಟೈಮ್ ಬೆನ್ನು ಬಿಡದು.

ತಕರಾರಿರುವುದು ಕೂಡಿಸುವ ಚಿಹ್ನೆಯಲ್ಲೇ. 50 ಕಿಲೋ ಚೀಲಕ್ಕೆ 48 ಕಿಲೋ ಚೀಲ ಸೇರಿದರೆ 98. ಅವೇ ಅಂಕಿಗಳು ಕೀಬೋರ್ಡಿನಿಂದ ಅಕ್ಷರಗಳಾಗಿ ಬಂದಿದ್ದರೆ ಪೈಥಾನ್ ಎರಡನ್ನೂ ಅಂಟಿಸಿ 5048 ಮಾಡುತ್ತದೆ. (ರೈತನ ಆಕ್ಷೇಪ ಏನೂ ಇರಲಾರದು.) ಬಂದದ್ದು ಸಂಖ್ಯೆಯೋ ಅಕ್ಷರವೋ ಎಂಬುದು ಎಷ್ಟೋ ಸಲ ಓಡುವಾಗಲೇ ಗೊತ್ತಾಗುವುದು. ಹಾಗಾಗಿ ಪ್ರತಿ ಆಬ್ಜೆಕ್ಟನ್ನೂ ‘ನೀನು ಯಾರ ಪೈಕಿ?’ ಎಂದು ವಿಚಾರಿಸುವವರನ್ನು ಮನೆಯಲ್ಲಿ ಬಿಟ್ಟು ಬರುವಂತಿಲ್ಲ.

ದೊಡ್ಡವರಿಗೂ ಈ ಪೇಚು ತಪ್ಪಿಲ್ಲ. ಫೇಸ್‌ಬುಕ್ 2010ರಲ್ಲಿ ಪ್ರಕಟಿಸಿದ ಹಿಪ್‌ಹಾಪ್, ಪಿಎಚ್‌ಪಿ ಕೋಡನ್ನು ಸಿ ಪ್ಲಸ್ ಪ್ಲಸ್‌ಗೆ ತಿರುಗಿಸಿ ಕಂಪೈಲ್ ಮಾಡುತ್ತಿತ್ತು. ಓಡುವಾಗಲೇ ಹೊಸ ಕೋಡು ಹುಟ್ಟಿಸುವ ‘ಇವಾಲ್’ ಸ್ವೇಚ್ಛೆಗೆ ಅಲ್ಲಿ ಜಾಗವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ, ಓಡುತ್ತಲೇ ಕಂಪೈಲ್ ಮಾಡುವ ಎಚ್‌ಎಚ್‌ವಿಎಂ ಕಡೆ ಹೊರಳಿತು.

ಔರಾದದ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ 7. ಪೈಥಾನ್ 3.9ರಿಂದಾಚೆಗೆ ಅದಕ್ಕೆ ಬೆಂಬಲವಿಲ್ಲ. ಹುಡುಗ 3.8 ಹುಡುಕಿ, ಗಂಟನ್ನು ಮತ್ತೆ ಕಟ್ಟಿ, ಪೆನ್‌ಡ್ರೈವ್ ಜೇಬಿಗಿಳಿಸಿ ಬಸ್ ಹತ್ತಿದ.

ಸಾಹುಕಾರರು ಒತ್ತಿದರು. ಪರದೆ ಕಣ್ಣು ಬಿಡುವಷ್ಟರಲ್ಲಿ ಪೆನ್ನಿನಿಂದಲೇ ಒಂದು ಚೀಟಿ ಬರೆದು ಮುಗಿಸಿದರು. ಆಮೇಲೆ ತೆರೆದದ್ದನ್ನು ಮೇಲಿಂದ ಕೆಳಗೆ ನೋಡಿ, “ಚಲೋ ಅದ ತಮ್ಮಾ. ಉದಗೀರದವರಿಗಿ ಮರಾಠಿದಾಗ ಚೀಟಿ ಕೊಡ್ತದೇನು ಇದು?” ಅಂದರು.