ಮಾದನಾಯಕನಹಳ್ಳಿ ಸೀಮೆಯಲ್ಲಿ ಪೃಷ್ಠಭಾರ ಮೀಮಾಂಸೆ

1. ಪೀಠಿಕೆ, ವ್ಯಾಪ್ತಿ ಮತ್ತು ಮಿತಿ

ರೆಕಾರ್ಡ್ ಪ್ಲೇಯರಿನ ಟೋನ್‌ಆರ್ಮನ್ನು ಮನೆಯಲ್ಲೇ ಹದಕ್ಕೆ ತರುವುದು ಮೇಲ್ನೋಟಕ್ಕೆ ಕೇವಲ ಯಾಂತ್ರಿಕ ಕ್ರಿಯೆಯೆಂಬಂತೆ ಭಾಸವಾದರೂ, ಆಳದಲ್ಲಿ ಅದು ಗುರುತ್ವ, ಸ್ಮೃತಿ ಮತ್ತು ಅಸ್ಮಿತೆಗಳ ನಡುವೆ ನಿರಂತರವಾಗಿ ಜರುಗುವ ಅನುಸಂಧಾನವಾಗಿರುತ್ತದೆ. ಪ್ರಸ್ತುತ ಪ್ರಬಂಧವು ಸದರಿ ಅನುಸಂಧಾನವನ್ನು ತುಮಕೂರು ರಸ್ತೆಯ ಮಾದನಾಯಕನಹಳ್ಳಿಯ ನೆಲೆಯಲ್ಲಿ ನಿಂತು ಪರಾಮರ್ಶಿಸಲು ಯತ್ನಿಸುತ್ತದೆ. ಈ ಕ್ಷೇತ್ರವನ್ನೇ ಆಯ್ದುಕೊಳ್ಳಲು ಸೈದ್ಧಾಂತಿಕ ಕಾರಣಗಳು ಹಲವಿವೆ. ಅವುಗಳಲ್ಲಿ ಪ್ರಮುಖವಾದದ್ದು, ಪ್ರಬಂಧಕಾರನ ಬಾಡಿಗೆ ಮನೆ ಅಲ್ಲಿರುವುದು.

ಕ್ಷೇತ್ರದ ಭೌತಿಕ ಲಕ್ಷಣವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಇಲ್ಲಿ ನೆಲ ಅಲುಗುತ್ತದೆ. ಹಗಲು ಪೀಣ್ಯದ ಕಡೆಗೆ ಕಬ್ಬಿಣದ ಸರಕು, ರಾತ್ರಿ ದಾಸನಪುರ ಎಪಿಎಂಸಿ ಕಡೆಗೆ ಈರುಳ್ಳಿ ಲಾರಿ, ಮೇಲಿನ ಮನೆಯಲ್ಲಿ ಬೆಳಗ್ಗೆ ಐದೂವರೆಗೆ ದೋಸೆಹಿಟ್ಟಿನ ಗ್ರೈಂಡರು. 2024ರ ನವೆಂಬರಿನಿಂದ ಮೆಟ್ರೋ ಮಾದಾವರದವರೆಗೂ ಬಂದಿದೆ. ಕೂದಲೆಳೆಗಿಂತ ತೆಳ್ಳನೆಯ ಗೀರಿನಲ್ಲಿ ಹಾಡು ಓದುವ ಮುಳ್ಳೊಂದನ್ನು ಇಂಥ ನೆಲದ ಮೇಲಿಟ್ಟು ಬದುಕುವುದು ಹೇಗೆಂಬುದೇ ಈ ಅಧ್ಯಯನದ ಪ್ರಾಕ್ಕಲ್ಪನೆ. (‘ಪ್ರಶ್ನೆ’ ಎಂದು ಬರೆದರೆ ಮಾರ್ಗದರ್ಶಕರು ಹೊಡೆದುಹಾಕುತ್ತಾರೆ.)

2. ಪರಿಭಾಷೆಯ ನಿರ್ವಚನ

ಓದುಗರಿಗೆ ವಿಷಯ ಸುಲಭವಾಗಿ ಅರ್ಥವಾಗಿಬಿಡುವ ಅಪಾಯವನ್ನು ತಪ್ಪಿಸುವ ಸಲುವಾಗಿ ಕೆಲವು ಪರಿಭಾಷೆಗಳನ್ನು ಇಲ್ಲಿ ಸ್ಥಾಪಿಸಲಾಗಿದೆ. ಟೋನ್‌ಆರ್ಮಿನ, ಅಂದರೆ ಮುಳ್ಳು ಹೊತ್ತ ಕೈಯ, ಹಿಂತುದಿಯಲ್ಲಿ ತಿರುಪಿನ ಮೇಲೆ ಹಿಂದೆ ಮುಂದೆ ಸರಿಯುವ ಲೋಹದ ಗುಂಡನ್ನು ಇನ್ನು ಮುಂದೆ ‘ಪೃಷ್ಠಭಾರ’ವೆಂದು ಕರೆಯಲಾಗುವುದು. ಮುಳ್ಳು ರೆಕಾರ್ಡಿನ ಮೇಲೆ ಹಾಕುವ ಒತ್ತಡವು ‘ಸೂಚ್ಯಗ್ರಭಾರ’. ತಿರುಗುತ್ತಿರುವ ರೆಕಾರ್ಡು ಕೈಯನ್ನು ನಡುವಿನತ್ತ ಎಳೆಯುವ ಚಾಳಿಗೆ ಅಡ್ಡನಿಲ್ಲುವ ಸಣ್ಣ ಸ್ಪ್ರಿಂಗು ‘ಅಂತರಾಕರ್ಷಣ ಪ್ರತಿರೋಧಕ’. ಈ ಮೂರೂ ಪದಗಳನ್ನು ಒಂದೇ ವಾಕ್ಯದಲ್ಲಿ ಬಳಸಬಲ್ಲವರು ವಿಚಾರಸಂಕಿರಣಕ್ಕೆ ಅರ್ಹರು. ಅವುಗಳನ್ನು ಕೈಯಲ್ಲಿ ತಿರುಗಿಸಬಲ್ಲವರು ಚಹಾ ವಿರಾಮದಲ್ಲಿ ಮೈಕು ಸರಿಮಾಡಲು ಅರ್ಹರು.

3. ಪೂರ್ವಸೂರಿಗಳು

ಈ ಶಾಸ್ತ್ರದ ಪರಂಪರೆ ದೊಡ್ಡದು. 1924ರಲ್ಲಿ ಇಂಗ್ಲೆಂಡಿನ ಪರ್ಸಿ ವಿಲ್ಸನ್, 1938ರಲ್ಲಿ ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್, 1966ರಲ್ಲಿ ಸ್ಟೀವನ್ಸನ್ ಇವರೆಲ್ಲ ಕೈ ಯಾವ ಕೋನದಲ್ಲಿ ಕೂರಬೇಕೆಂದು ಲೆಕ್ಕ ಹಾಕಿದರು. ಅವರ ಗಣಿತ ಕಷ್ಟದ್ದು, ಪ್ರಾಮಾಣಿಕವಾದದ್ದು, ಅಣಕಕ್ಕೆ ಸಿಗುವಂಥದ್ದಲ್ಲ. ಲೋಫ್‌ಗ್ರೆನ್-ಬೇರ್‌ವಾಲ್ಡ್ ಲೆಕ್ಕದಂತೆ, ಕೈ ರೆಕಾರ್ಡಿನ ನಡುವಿನಿಂದ 66 ಮಿ.ಮೀ. ಮತ್ತು 120.9 ಮಿ.ಮೀ. ದೂರದ ಎರಡು ಕಡೆ ಮಾತ್ರ ಗೀರಿಗೆ ನೆಟ್ಟಗೆ ಕೂರುತ್ತದೆ. ಮಿಕ್ಕ ಕಡೆಯೆಲ್ಲ ತುಸು ಸೊಟ್ಟ. ಎಷ್ಟು ಸೊಟ್ಟವಾದರೆ ಕಿವಿ ಕ್ಷಮಿಸುತ್ತದೆ ಎಂಬುದೇ ಆ ಲೆಕ್ಕದ ತಿರುಳು.

ನಾಡಿನ ಪೂರ್ವಸೂರಿಗಳ ಪಟ್ಟಿಯಲ್ಲಿ ಜಯಚಾಮರಾಜೇಂದ್ರ ಒಡೆಯರ್ ಇಲ್ಲದಿದ್ದರೆ ಪ್ರಬಂಧ ಪಾಸಾಗುವುದಿಲ್ಲ. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಹೆಚ್ಚು ಜನರ ಗಮನಕ್ಕೆ ಬೀಳದೆ ಇದ್ದಾಗ, 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳನ್ನು ರೆಕಾರ್ಡು ಮಾಡಿಸಲು ಹಣ ಕೊಟ್ಟವರು ಈ ಮಹಾರಾಜರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ಬೆಂಗಳೂರಿನ ಹೈಫೈ ಪಂಡಿತರು ಈ ಸಂಗತಿಯನ್ನು ಎಷ್ಟು ಸಲ ಹೇಳುತ್ತಾರೆಂದರೆ, ಮೆಟ್ನರ್‌ಗೆ ದುಡ್ಡು ಕಳಿಸಿದ್ದು ತಾವೇ ಇರಬೇಕು ಎನ್ನಿಸುವಷ್ಟು.

ಇನ್ನೊಂದು ದೇಶೀ ಸಂಪ್ರದಾಯವನ್ನು ಯಾರೂ ಉಲ್ಲೇಖಿಸುವುದಿಲ್ಲ. ಎಚ್‌ಎಂವಿ ಫಿಯೆಸ್ಟಾ ಪ್ಲೇಯರು ಇದ್ದ ಮನೆಗಳಲ್ಲಿ ಹಾಡು ಎಗರತೊಡಗಿದರೆ ಅಪ್ಪನೋ ಸೋದರಮಾವನೋ ಬಂದು ಕೈಯ ತಲೆಯ ಮೇಲೆ ನಾಲ್ಕಾಣೆ ಇಡುತ್ತಿದ್ದರು. 1988ರ ನಂತರದ ಸ್ಟೀಲಿನ ನಾಲ್ಕಾಣೆಯ ತೂಕ 2.83 ಗ್ರಾಂ. ಅಂದರೆ ಈಗಿನ ಅನೇಕ ಮುಳ್ಳುಗಳಿಗೆ ಹೇಳುವ ಒಟ್ಟು ಭಾರಕ್ಕಿಂತ ಹೆಚ್ಚು. ಪ್ಲೇಟು ಸವೆಯುತ್ತಿತ್ತು, ಹಾಡು ಮುಂದಕ್ಕೆ ಹೋಗುತ್ತಿತ್ತು, ಮದುವೆಮನೆ ನಿಲ್ಲುತ್ತಿರಲಿಲ್ಲ. 2011ರ ಜೂನ್ 30ಕ್ಕೆ ಆ ನಾಣ್ಯದ ಚಲಾವಣೆ ಮುಗಿಯಿತು, ಅದರೊಂದಿಗೆ ಒಂದು ಪಂಥವೂ ಮುಗಿಯಿತು.

4. ಸಾಧಕರ ಷಡ್ವಿಧ ವರ್ಗೀಕರಣ

ಕೈ ಹದಗೊಳಿಸುವ ಸಾಧಕರನ್ನು ಆರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಕರ್ಣಬ್ರಹ್ಮ. ಈತನಿಗೆ ಒಂದು ಗ್ರಾಮಿನ ನೂರನೇ ಒಂದು ಭಾಗದ ವ್ಯತ್ಯಾಸ ಕೇಳುತ್ತದೆ, ಹೆಂಡತಿ ಕರೆದದ್ದು ಕೇಳುವುದಿಲ್ಲ.

ಎರಡನೆಯದು, ಉಪಕರಣಾನಂದ. ಈತನ ಬಳಿ ಲೇಸರ್ ಗೇಜು, ಕನ್ನಡಿ ಪ್ರೊಟ್ರಾಕ್ಟರು, ಡಿಜಿಟಲ್ ಮೈಕ್ರೊಸ್ಕೋಪು ಇವೆ. ರೆಕಾರ್ಡು ಇಲ್ಲ. ಕೇಳಿದರೆ, ಇನ್ನೂ ಸೆಟಪ್ ಮುಗಿದಿಲ್ಲ ಎನ್ನುತ್ತಾನೆ.

ಮೂರರಿಂದ ಆರನೆಯವರೆಗಿನವರೂ ಇವರೇ, ಶರ್ಟು ಮಾತ್ರ ಬೇರೆ. ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಇಂಥ ಒಬ್ಬ ಕರ್ಣಬ್ರಹ್ಮರು ಕ್ಷೇತ್ರಕ್ಕೇ ದಯಮಾಡಿಸಿದ್ದರು. ಮನೆಯ ಹೊಸಿಲಲ್ಲೇ ನಿಂತು ತುಮಕೂರು ರಸ್ತೆಯ ಹಾರ್ನು ಕೇಳಿಸಿಕೊಂಡು ತಲೆಯಾಡಿಸಿದರು. “ಈ ಏರಿಯಾದಲ್ಲಿ ಅನಲಾಗ್ ಸಾಧ್ಯವೇ ಇಲ್ಲರೀ” ಎಂದರು. ಪ್ಲೇಯರಿನ ಕೆಳಗೆ ನಲವತ್ತು ಕೆ.ಜಿ.ಯ ಗ್ರಾನೈಟು, ಅದರ ಕೆಳಗೆ ಅಲುಗಾಟ ನುಂಗುವ ಸೊರ್ಬೊಥೇನು, ಹಿಂದೆ ಬೆಳ್ಳಿ ಕೇಬಲ್ಲು ಹೇಳಿದರು. ಕೇಬಲ್ಲಿನ ಬೆಲೆಯನ್ನು ಸಂಕೋಚವಿಲ್ಲದೆ ಹೇಳಿದರು. ಆ ದುಡ್ಡಿಗೆ ಇಲ್ಲಿ ಸೆಕೆಂಡ್ ಹ್ಯಾಂಡ್ ಲಗೇಜ್ ಆಟೋ ಬರುತ್ತದೆ. ಆಮೇಲೆ ಪಕ್ಕದಲ್ಲಿದ್ದ ರೆಕಾರ್ಡುಗಳನ್ನು ಬೆರಳ ತುದಿಯಲ್ಲಿ ತಿರುವಿ ಹಾಕಿ, ‘ಬಂಗಾರದ ಮನುಷ್ಯ’ ಕಂಡೊಡನೆ ನಕ್ಕರು.

“ಇದನ್ನ ಕೇಳೋಕೆ ಇಷ್ಟೆಲ್ಲ ಯಾಕೆ ಬೇಕ್ರೀ? ಮೊಬೈಲ್ ಸಾಕಲ್ಲ.”

ಪ್ರಬಂಧದ ನಿರ್ಲಿಪ್ತ ಧಾಟಿಗೆ ಇಲ್ಲಿ ಸ್ವಲ್ಪ ಅಡಚಣೆಯಾಗುತ್ತದೆ. ಜಿ.ಕೆ. ವೆಂಕಟೇಶ್ 1972ರಲ್ಲಿ ಆ ಚಿತ್ರಕ್ಕೆ ಕೂರಿಸಿದ ವಾದ್ಯಗಳನ್ನು, ಪಿ.ಬಿ. ಶ್ರೀನಿವಾಸ್ ಉಸಿರು ಹಿಡಿದು ಬಿಡುವುದನ್ನು ಈ ಮನುಷ್ಯ ಒಂದು ಸಲವಾದರೂ ಸರಿಯಾದ ಮುಳ್ಳಿನಲ್ಲಿ ಕೇಳಿದ್ದಾರೆಯೇ? ಇಲ್ಲ. ಕೇಳಬೇಕಾದದ್ದೆಂದು ಅವರಿಗೆ ಯಾರೂ ಹೇಳಿಲ್ಲ. ಅವರ ಪರೀಕ್ಷಾ ರೆಕಾರ್ಡಿನ ಪಟ್ಟಿ ಹೊರದೇಶದ ಪತ್ರಿಕೆಯಿಂದ ಬಂದದ್ದು. ಹತ್ತು ಲಕ್ಷದ ಯಂತ್ರ ಇಟ್ಟುಕೊಂಡು ಅದೇ ನಾಲ್ಕು ಡ್ರಮ್ ಸೋಲೋ ತಿರುಗಿಸುವವರು ನಮ್ಮ ಹಾಡಿಗೆ ಮೊಬೈಲು ಸಾಕೆಂದು ತೀರ್ಪು ಕೊಡುತ್ತಾರೆ. ನಾವು ಕಾಫಿ ಕೊಡುತ್ತೇವೆ.

5. ಪ್ರಾಯೋಗಿಕ ವಿಭಾಗ

ಇನ್ನು ಪೃಷ್ಠಭಾರ ಮುಂತಾದ ಪದಗಳನ್ನು ಬಿಡುತ್ತೇನೆ. ಗುಂಡು ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಪಕ್ಕದ ಮನೆಯ ಅಣ್ಣ ಪೀಣ್ಯದಲ್ಲಿ ಟರ್ನರು. ಲೇಥ್ ಮೇಲೆ ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಜೀವನ ಸವೆಸಿದವರು. ಮಾದಾವರದ ಬಿಐಇಸಿಯಲ್ಲಿ ಇಮ್ಟೆಕ್ಸ್ ಯಂತ್ರಮೇಳ ನಡೆದಾಗ ರಜೆ ಹಾಕಿ ಹೋಗಿ ನೋಡುವವರು. ನಾನು ಕೈಯ ಕೋನ ನೋಡುವ ಪ್ರೊಟ್ರಾಕ್ಟರಿನ ಹಾಳೆ ಹರಡಿಕೊಂಡು ಕೂತದ್ದನ್ನು ಕಿಟಕಿಯಿಂದ ನೋಡಿ ಒಳಗೆ ಬಂದರು. 

“ಏನ್ ಸಾರ್, ಸೆಟ್ಟಿಂಗಾ?”

ನಾನು ಲೋಫ್‌ಗ್ರೆನ್ನಿಂದ ಶುರುಮಾಡಿದೆ. ಅವರು ಅರ್ಧಕ್ಕೇ ತಡೆದು, ಈ ಪ್ಲೇಟನ್ನು ಮೊದಲು ಕೊರೆಯುವುದು ಹೇಗೆ ಎಂದು ಕೇಳಿದರು. ಕೊರೆಯುವ ಯಂತ್ರವೂ ಲೇಥೇ: ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿರುತ್ತದೆ, ಕೊರೆಯುವ ತಲೆ ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸರಿಯುತ್ತದೆ. ಅಷ್ಟು ಹೇಳಿದ್ದೇ ತಡ, ಅವರಿಗೆ ಮಿಕ್ಕದ್ದೆಲ್ಲ ಹೊಳೆಯಿತು.

“ಹಂಗಾದ್ರೆ ಕೊರ್ದಿರೋದು ನೇರ. ಓದ್ತಾ ಇರೋದು ಕೀಲಿನ ಮೇಲೆ ತಿರುಗೋ ಕೈ. ಎಲ್ಲಾ ಕಡೆ ಕರೆಕ್ಟಾಗಿ ಕೂರೋಕೆ ಚಾನ್ಸೇ ಇಲ್ಲ ಸಾರ್. ಎರಡು ಕಡೆ ಕೂರಿಸ್ಬೋದು, ಉಳಿದಿದ್ದು ಅಡ್ಜಸ್ಟ್.”

1924ರಿಂದ 1966ರವರೆಗಿನ ಸಾಹಿತ್ಯ ಸಮೀಕ್ಷೆ ಇಲ್ಲಿಗೆ ಮುಗಿಯಿತು.

ಪ್ರೊಟ್ರಾಕ್ಟರಿನ ಹಾಳೆಗೆ ಅವರು ವರ್ನಿಯರ್ ಹಿಡಿದರು. 66 ಮಿ.ಮೀ. ಇರಬೇಕಾದದ್ದು 64 ಇತ್ತು. ಜೆರಾಕ್ಸ್ ಅಂಗಡಿಯ ಹುಡುಗ ‘ಫಿಟ್ ಟು ಪೇಜ್’ ಒತ್ತಿದ್ದ. ನೂರಕ್ಕೆ ನೂರರ ಅಳತೆಯಲ್ಲಿ ಮತ್ತೆ ಮುದ್ರಿಸಿ ತಂದಮೇಲೆ ಕೆಲಸ ಸರಾಗವಾಯಿತು. ಮುಳ್ಳಿನ ತುದಿಯನ್ನು ಗುರುತಿನ ಮೇಲಿಟ್ಟು, ಮುಳ್ಳು ಕೂತ ಕಾರ್ಟ್ರಿಡ್ಜಿನ ಎರಡು ಬದಿ ಹಾಳೆಯ ಗೆರೆಗಳಿಗೆ ಸಮವಾಗಿದೆಯೇ ನೋಡುವುದು; ಇಲ್ಲದಿದ್ದರೆ ತಲೆಯ ಎರಡು ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸುವುದು; ಎರಡನೇ ಗುರುತಿನಲ್ಲೂ ಅದೇ. 

ಭಾರದ ಕೆಲಸ ಇನ್ನೂ ಸುಲಭ. ಎಳೆತ ತಡೆಯುವ ಸ್ಪ್ರಿಂಗಿನ ಡಯಲು ಸೊನ್ನೆಗೆ. ಮುಳ್ಳಿನ ಮುಚ್ಚಳ ತೆಗೆದು, ಕೈಯನ್ನು ರೆಕಾರ್ಡಿನ ಆಚೆ ಗಾಳಿಯಲ್ಲಿ ಬಿಟ್ಟು, ಅದು ತಕ್ಕಡಿಯ ದಂಡದಂತೆ ಮೇಲೂ ಏಳದೆ ಕೆಳಗೂ ಬೀಳದೆ ನಿಲ್ಲುವವರೆಗೆ ಹಿಂದಿನ ಗುಂಡು ತಿರುಗಿಸಬೇಕು. ನಿಂತಮೇಲೆ ಗುಂಡು ಅಲುಗದಂತೆ ಹಿಡಿದು, ಅದರ ಮುಂದಿನ ಅಂಕಿಯ ಬಳೆಯನ್ನಷ್ಟೇ ಸೊನ್ನೆಗೆ ತರಬೇಕು. ಆಮೇಲೆ ಎರಡನ್ನೂ ಒಟ್ಟಿಗೆ ತಿರುಗಿಸಿ 2 ಗ್ರಾಮಿಗೆ. ಸ್ಪ್ರಿಂಗಿನ ಡಯಲೂ ಎರಡಕ್ಕೆ. ಅನುಮಾನವಿದ್ದರೆ ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ಅದು ಸರಿಯಿದೆಯೇ ಎಂದು ತಿಳಿಯಲು ಸವೆಯದ ನಾಲ್ಕಾಣೆ ಇಟ್ಟು ನೋಡಬಹುದು. ಮುಳ್ಳಿಡುವ ಮುನ್ನ ನಾಣ್ಯ ತೆಗೆಯಬೇಕು, ತಕ್ಕಡಿಯ ತಟ್ಟೆಯೂ ಕಬ್ಬಿಣದ್ದಾಗಿರಬಾರದು. ಕಾರ್ಟ್ರಿಡ್ಜಿನೊಳಗೆ ಅಯಸ್ಕಾಂತವಿದೆ, ಅದು ಎಳೆದು ಸುಳ್ಳು ತೂಕ ತೋರಿಸುತ್ತದೆ. 

ಅಣ್ಣ ಕಾರ್ಟ್ರಿಡ್ಜಿನ ಚೀಟಿ ಕೈಗೆತ್ತಿಕೊಂಡರು. ನನ್ನದು ಆಡಿಯೋ ಟೆಕ್ನಿಕಾದ ವಿಎಂ95ಇ, 1.8ರಿಂದ 2.2 ಗ್ರಾಂವರೆಗೆ ನಡೆಯುತ್ತದೆಂದು ಬರೆದಿದೆ.

“ಹತ್ತು ಪರ್ಸೆಂಟ್ ಲಿಮಿಟ್ ಕೊಟ್ಟವ್ರಾ! ನಮಗೆ ಯಾವ ಗಿರಾಕಿ ಕೊಡ್ತಾನೆ ಸಾರ್ ಇಷ್ಟು? ಇದಕ್ಕಾ ಆವಯ್ಯ ಅಷ್ಟೊತ್ತು ಮಾತಾಡಿದ್ದು?”

ಮಟ್ಟಕ್ಕೆ ಗಾರೆ ಮೇಸ್ತ್ರಿಯ ರಸಮಟ್ಟ ತಂದೆವು. ಗ್ರಾನೈಟಿನ ಬದಲು ಪ್ಲೇಯರು ಗೋಡೆಯ ಕಡಪಾ ಕಲ್ಲಿನ ಸ್ಲ್ಯಾಬಿಗೆ ಏರಿತು. ಮನೆ ಕಟ್ಟುವಾಗ ಓನರು ಡಬ್ಬ ಇಡಲೆಂದು ಹಾಕಿಸಿದ್ದ ಸ್ಲ್ಯಾಬು. ಓಡಾಡುವ ಹೆಜ್ಜೆಗೆ ನೆಲ ಅಲುಗಿದಷ್ಟು ಗೋಡೆ ಅಲುಗುವುದಿಲ್ಲ. ಈರುಳ್ಳಿ ಲಾರಿ ಹೋಯಿತು. ಪಿ.ಬಿ.ಎಸ್. ಹಾಡುತ್ತಲೇ ಇದ್ದರು. 

ಹೀಗೆ ಅರ್ಧ ಗಂಟೆಯಲ್ಲಿ ಆಗುವ ಕೆಲಸವನ್ನು ಮಂತ್ರ ಮಾಡಿ, ಆ ಮಂತ್ರಕ್ಕೊಂದು ಗರ್ಭಗುಡಿ ಕಟ್ಟಿ, ಒಳಗೆ ಯಾರು ಬರಬಹುದೆಂದು ಬಾಗಿಲಲ್ಲಿ ನಿಂತು ಆಯುವವರ ಮೇಲೆ ಬರೆಯಬೇಕಾದದ್ದು ಪ್ರಬಂಧವಲ್ಲ, ದೂರು. ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ‘ಸಂಕಥನ’, ‘ವಾಗ್ವಾದ’ ಎನ್ನುವವರೂ ಇದೇ ಪೈಕಿ. ಕೈಯಲ್ಲಿ ಕೆಲಸ ಬಲ್ಲವನಿಗೆ ಇಬ್ಬರ ಮುಂದೆಯೂ ಕುರ್ಚಿ ಇಲ್ಲ.

6. ಅನುಬಂಧ: 78ರ ವಿಚಾರ

ಇಲ್ಲಿ ತಮಾಷೆ ಇಲ್ಲ.

ಎಲ್‌ಪಿ ಬಂದದ್ದು 1948ರಲ್ಲಿ. ಅದಕ್ಕೂ ಮೊದಲಿನ ನಮ್ಮ ದನಿಗಳೆಲ್ಲ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟುಗಳಲ್ಲಿವೆ, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದರು. ಆಗ ಅವರ ದನಿ ತೆಳ್ಳಗೆ, ಎತ್ತರಕ್ಕಿತ್ತು. ಗಂಟಲಿನ ಚಿಕಿತ್ಸೆಯ ನಂತರ ನಾವೆಲ್ಲ ಬಲ್ಲ ಆ ಗಡಸು ಗಾಂಭೀರ್ಯ ಬಂತು. ಆ ಮೊದಲಿನ ಗಂಗೂಬಾಯಿ ಸಿಗುವುದು ಆ ಗೀರುಗಳಲ್ಲಿ. ಮಲ್ಲಿಕಾರ್ಜುನ ಮನ್ಸೂರರ ಎಳೆಯ ದನಿ, ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ, ಕಾಳಿಂಗರಾಯರು, ಮೈಸೂರಿನಲ್ಲಿ 1930ರ ಜನವರಿ 17ರಂದು ತೀರಿಕೊಂಡ ಗೌಹರ್ ಜಾನ್, ಎಲ್ಲರೂ ಮುಟ್ಟಿದರೆ ಒಡೆಯುವ ಆ ಕರಿ ತಟ್ಟೆಗಳಲ್ಲೇ ಹಾಡಿದವರು.

ಅವುಗಳ ಗತಿ ಏನಾಗಿದೆ? ಗುಜರಿಯಲ್ಲಿ ರಾಶಿ ಬಿದ್ದಿವೆ. ಹಳೆಯ ರೆಕಾರ್ಡುಗಳನ್ನು ಕತ್ತರಿಸಿ ಗೋಡೆ ಗಡಿಯಾರ ಮಾಡಿ ಮಾರುತ್ತಾರೆ. ಬಿಯರ್ ಕುಡಿಯುವ ಜಾಗವೊಂದರ ಗೋಡೆಯಲ್ಲಿ ಸಾಲಾಗಿ 78ರ ಪ್ಲೇಟುಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದನ್ನು ನೋಡಿದೆ. ಒಂದರ ಲೇಬಲ್ಲಿನಲ್ಲಿ ಕನ್ನಡ ಅಕ್ಷರವಿತ್ತು, ಮೊಳೆ ಹಾಡಿನ ಹೆಸರಿನ ಮೇಲೇ ಕೂತಿತ್ತು. ಒಳಾಂಗಣ ವಿನ್ಯಾಸಕಾರರಿಗೆ ಅದು ‘ರೆಟ್ರೋ ಫೀಲ್’ ಅಂತೆ. ಆ ಹಾಡು ಇನ್ನೆಲ್ಲಾದರೂ ಉಳಿದಿದೆಯೋ ಇಲ್ಲವೋ ಎಂದು ಕೇಳಿಕೊಳ್ಳುವಷ್ಟು ವ್ಯವಧಾನ ಮೊಳೆ ಹೊಡೆಸಿದವರಿಗೂ ಇರಲಿಲ್ಲ, ಅದರ ಕೆಳಗೆ ಕೂತು ಅನಲಾಗ್ ವಾರ್ಮ್‌ತ್ ಬಗ್ಗೆ ಮಾತಾಡುತ್ತಿದ್ದವರಿಗೂ ಇರಲಿಲ್ಲ. ಅವಿವೇಕಿಗಳು.

ಅಟ್ಟದ ಮೇಲೆ ಅಜ್ಜನ ಕಾಲದ ಪ್ಲೇಟುಗಳು ಇರುವವರು ದಯವಿಟ್ಟು ಇಷ್ಟು ಮಾಡಿ. ಎಲ್‌ಪಿ ಮುಳ್ಳಿನಲ್ಲಿ 78 ನುಡಿಸಬೇಡಿ. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ 18 ಮೈಕ್ರಾನ್ ಆಸುಪಾಸು, 78ಕ್ಕೆ ಬೇಕಾದದ್ದು 75ರ ಆಸುಪಾಸು. ಸಣ್ಣ ಮುಳ್ಳು ಗೀರಿನ ತಳಕ್ಕಿಳಿದು ಕಸ ಕೆದಕುತ್ತದೆ, ಹಾಡಿರುವುದು ಗೀರಿನ ಗೋಡೆಯಲ್ಲಿ. 78ರ ಮುಳ್ಳು ಬೇರೆಯೇ ಸಿಗುತ್ತದೆ, ಅದಕ್ಕೆ ಹೇಳಿದ ಭಾರವನ್ನೇ ಕೊಡಿ. ಹಳೆಯ ಕೀಲಿ ಗ್ರಾಮಫೋನಿದ್ದರೆ ಅದರ ಸೌಂಡ್ ಬಾಕ್ಸು ನೂರು ಗ್ರಾಮಿಗೂ ಹೆಚ್ಚು ಭಾರ ಹೇರುತ್ತದೆ, ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕು. ಅಪರೂಪದ ಪ್ಲೇಟನ್ನು ಅದರ ಮೇಲೆ ಹಾಕಲೇಬೇಡಿ. ಒಂದರ ಮೇಲೊಂದು ಮಲಗಿಸಬೇಡಿ, ನಿಲ್ಲಿಸಿ ಇಡಿ. ಮುಖ್ಯವಾಗಿ, ಕರ್ಣಬ್ರಹ್ಮರು ಶಿಫಾರಸು ಮಾಡುವ ದುಬಾರಿ ಕ್ಲೀನಿಂಗ್ ಲಿಕ್ವಿಡ್ಡಿನ ಬಾಟಲಿಯ ಹಿಂದೆ ಏನು ಬರೆದಿದೆ ಓದಿ. ಅದರಲ್ಲಿ ಆಲ್ಕೋಹಾಲ್ ಇದ್ದರೆ ಎಲ್‌ಪಿಗೆ ಮಾತ್ರ ಬಳಸಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಒರೆಸಿದ ಬಟ್ಟೆಗೆ ಹಾಡು ಅಂಟಿಕೊಂಡು ಬರುತ್ತದೆ.